ಎರಡನೆಯ ಕಸ್ತೂರಿ

ತನ್ನ ಹೆಸರಿನ ತೆರಿಗೆ ವಿವರವನ್ನು ಬೇರೆ ಯಾರೋ ಆಗಲೇ ಸಲ್ಲಿಸಿಬಿಟ್ಟಿದ್ದಾರೆ ಎಂದು ಕಸ್ತೂರಿ ಬೆಳವಡಿಗೆ ಗೊತ್ತಾದದ್ದು ಒಂದು ಭಾನುವಾರ, ಹುಬ್ಬಳ್ಳಿಯ ತನ್ನ ಮನೆಯ ಪಡಸಾಲೆಯಲ್ಲಿ ಮೆಂತ್ಯಸೊಪ್ಪು ಸೋಸುತ್ತ ಕೂತಿದ್ದಾಗ.

ಆ ಹೊತ್ತಿಗೆ ದೇಶದಲ್ಲಿ ಸಹಿ ಮಾಡುವ ಪದ್ಧತಿ ಹೆಚ್ಚುಕಡಿಮೆ ನಿಂತೇಹೋಗಿತ್ತು. ಸಹಿಯನ್ನು ತಿದ್ದಬಹುದು, ಪಾಸ್‌ವರ್ಡ್ ಮರೆತುಹೋಗುತ್ತದೆ, ಮುಖದ ನಕಲಂತೂ ಮಕ್ಕಳಾಟವಾಗಿತ್ತು. ಮನುಷ್ಯನ ಜೊತೆ ಹುಟ್ಟಿ ಅವನ ಜೊತೆಗೇ ಹೋಗುವುದು ದನಿಯೊಂದೇ ಎಂದು ಬಲ್ಲವರು ತೀರ್ಮಾನಿಸಿ 'ಸೊಲ್ಲು' ಎಂಬ ವ್ಯವಸ್ಥೆ ತಂದಿದ್ದರು. ವರ್ಷಕ್ಕೊಮ್ಮೆ ಫೋನೆತ್ತಿ ಸೊಲ್ಲಿನ ಜೊತೆ ಮಾತಾಡಿದರೆ ಮುಗಿಯಿತು. ನಿಮ್ಮ ಸಂಬಳ ಅದಕ್ಕೆ ಗೊತ್ತು. ನಾಲ್ಕು ಪ್ರಶ್ನೆ ಕೇಳುತ್ತದೆ, ನೀವು ಉತ್ತರ ಕೊಡುತ್ತೀರಿ, ಕೊನೆಗೆ 'ಇದು ನನ್ನ ಮಾತು' ಅನ್ನುತ್ತೀರಿ. ಹೆಚ್ಚು ತೆರಿಗೆ ಕಟ್ಟಿದ್ದರೆ ಆ ಹಣ ಖಾತೆಗೆ ವಾಪಸು ಬರುತ್ತದೆ. ಬ್ಯಾಂಕಿಗೂ ಪಿಂಚಣಿಗೂ ಅದೇ ದನಿ. ಕಾಗದ ಹಿಡಿದು ಅಲೆಯುವುದು ತಪ್ಪಿತಲ್ಲ ಎಂದು ಜನ ಖುಷಿಯಾಗಿಯೇ ಇದ್ದರು.

ಕಸ್ತೂರಿಯ ತೊಂದರೆ ಬೇರೆ. ಅವಳು ಊರಿನ ಗ್ರಂಥಾಲಯವೊಂದರ ದನಿಪುಸ್ತಕ ವಿಭಾಗದಲ್ಲಿ ಗಟ್ಟಿಯಾಗಿ ಓದುವ ಕೆಲಸದಲ್ಲಿದ್ದವಳು. ಕಣ್ಣು ಕಾಣದವರಿಗಾಗಿ ಅವಳು ಓದಿ ದನಿಮುದ್ರಿಸಿದ ಕಾದಂಬರಿ, ಪಠ್ಯಪುಸ್ತಕ, ಕಾನೂನು, ಅಡುಗೆ ಎಲ್ಲ ಸೇರಿ ಒಂದು ಗೋಡೆ ತುಂಬುವಷ್ಟಿತ್ತು. ಹಿಂದಿನ ವರ್ಷ ಕೊರಳಿನ ಗಡ್ಡೆಗೆ ಆಪರೇಷನ್ ಆದಾಗ ದನಿಯ ನರವೊಂದು ಸೋತುಹೋಯಿತು. ಎದ್ದು ಮೊದಲ ಸಲ 'ನೀರು' ಅಂದಾಗ ಹೊರಬಿದ್ದದ್ದು ತರಗೆಲೆ ತುಳಿದಂಥ ಸದ್ದು. ದನಿ ಮರಳಿದರೂ ಮರಳೀತು, ಕಾದು ನೋಡಿ ಎಂದಿದ್ದರು ಡಾಕ್ಟರು. ದನಿ ಬದಲಾದವರು ಹೊಸದಾಗಿ ನೋಂದಾಯಿಸಬೇಕೆಂಬ ನಿಯಮವೇನೋ ಇತ್ತು. ಕಸ್ತೂರಿ ಹೋಗಲಿಲ್ಲ. ಈ ಒಡಕು ದನಿಯನ್ನು ಸರ್ಕಾರದೆದುರು ತನ್ನದೆಂದು ಒಪ್ಪಿಬಿಟ್ಟರೆ ಹಳೆಯದು ಇನ್ನು ಬರುವುದೇ ಇಲ್ಲವೇನೋ ಎಂದು ಅವಳಿಗೆ ಒಳಗೊಳಗೇ ಅನ್ನಿಸುತ್ತಿತ್ತು. ಈಗ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಳು.

ಆ ಭಾನುವಾರ ಸೊಲ್ಲು 'ದನಿ ಹೊಂದುತ್ತಿಲ್ಲ' ಎಂದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ. ಸಹಾಯಕರಿಗೆ ಕೊಡಿ ಎಂದು ಕೇಳಿದಳು. ಆ ಕಡೆಯ ಹುಡುಗಿ ತಡಕಾಡಿ ನೋಡಿ ಹೇಳಿದಳು: "ಕಸ್ತೂರಿ ಬೆಳವಡಿಯವರ ವಿವರ ಕಳೆದ ತಿಂಗಳೇ ಸಲ್ಲಿಕೆಯಾಗಿದೆ. ರೀಫಂಡ್ ಕೂಡ ಅವರು ಹೇಳಿದ ಹೊಸ ಖಾತೆಗೆ ಹೋಗಿದೆ. ತಾವು ಯಾರು?"

ಕಸ್ತೂರಿ ಫೋನನ್ನೇ ನೋಡುತ್ತ ಕೂತಳು. ಎದುರಿಗೆ ಪೇಪರು ಓದುತ್ತಿದ್ದ ಗಂಡ ಗುರುಪಾದ ತಲೆಯೆತ್ತಿದ. ಅವನದು ವಿದ್ಯುತ್ ಸ್ಕೂಟರುಗಳ ಬ್ಯಾಟರಿ ಬದಲಿಸಿಕೊಡುವ ಅಂಗಡಿ.

"ಏನಾತು?"

"ನಾ ಆಗಲೇ ರಿಟರ್ನ್ ಹಾಕೀನಂತ್ರಿ."

"ಯಾರ ದನ್ಯಾಗ?"

"ನನ್ನ ದನ್ಯಾಗ. ಮೊದಲಿನದರಾಗ."

ಗುರುಪಾದ ಪೇಪರು ಮಡಚಿಟ್ಟ. "ಅದು ನಿನ್ನ ಹತ್ರಾನ ಇಲ್ಲಲ್ಲ. ಅವರಿಗೆಲ್ಲಿ ಸಿಕ್ತು?"

ಪೆಟ್ಟು ಅಲ್ಲಿಗೇ ನಿಲ್ಲಲಿಲ್ಲ. ಮರುದಿನ ಅವಳ ಸಂಬಳದ ಖಾತೆಗೆ ಬೀಗ ಬಿತ್ತು. ಕಿರಾಣಿ ಅಂಗಡಿಯಲ್ಲಿ ಬೆಲ್ಲ, ಕಡಲೆಬೇಳೆ ತೂಗಿಸಿಕೊಂಡು ನಿಂತವಳಿಗೆ, ಸಣ್ಣ ಖರೀದಿಗೆ ದನಿ ಕೇಳದ ಅಲ್ಲಿಯ ಯಂತ್ರವೂ 'ಈ ಖಾತೆ ತನಿಖೆಯಲ್ಲಿದೆ' ಎಂದು ಎಲ್ಲರಿಗೂ ಕೇಳುವಂತೆ ಕೂಗಿತು. ಅಂಗಡಿಯವನು "ಇರ್ಲಿ ಒಯ್ರಿ ಅಕ್ಕಾರ, ಆಮ್ಯಾಲ ಕೊಡೀರಂತ" ಎಂದ. ಅವನ ದನಿಯಲ್ಲಿನ ಕನಿಕರವೇ ಅವಳಿಗೆ ಬೆಲ್ಲಕ್ಕಿಂತ ಭಾರವಾಯಿತು.

ಸೊಲ್ಲು ಕೇಂದ್ರದ ಅಧಿಕಾರಿ ಶ್ರೀಪತಿ ಬಾಯರಿ ಕುಂದಾಪುರದ ಕಡೆಯವರು, ಸಾವಧಾನದ ಮನುಷ್ಯ. ಅವಳು ತಂದ ಕಾರ್ಡು, ಫೋಟೋ, ಆಸ್ಪತ್ರೆಯ ಚೀಟಿ ಎಲ್ಲವನ್ನೂ ನೋಡಿದರು.

"ನೀವು ಹೇಳೋದು ನಿಜ ಇರಬಹುದು ಅಮ್ಮ. ಆದ್ರೆ ಕಾನೂನಿನಲ್ಲಿ ಮುಖ, ಕಾರ್ಡು ಈಗ ಪುರಾವೆ ಅಲ್ಲ. ಅವನ್ನೆಲ್ಲ ಕಳ್ಳರು ಯಾವತ್ತೋ ನಕಲು ಮಾಡಿ ಮುಗಿಸಿದ್ದಾರೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಿಮ್ಮ ಮೇಲೆ ದೂರು ಬಂದಿದೆ."

"ನನ್ನ ಮ್ಯಾಲ? ಯಾರ್ರೀ ಕೊಟ್ಟವರು?"

ಬಾಯರಿ ಸ್ವಲ್ಪ ಮುಜುಗರದಿಂದಲೇ ಮೇಜಿನ ಮೇಲಿನ ಗುಂಡಿ ಒತ್ತಿದರು.

"ನಮಸ್ಕಾರ. ನಾನು ಕಸ್ತೂರಿ ಬೆಳವಡಿ ಮಾತನಾಡುತ್ತಿದ್ದೇನೆ. ಒಡಕು ದನಿಯ ಹೆಂಗಸೊಬ್ಬಳು ನನ್ನ ಹೆಸರಿನಲ್ಲಿ ವಿವರ ಸಲ್ಲಿಸಲು ಪ್ರಯತ್ನಿಸುತ್ತಿದ್ದಾಳೆಂದು ಸಂದೇಶ ಬಂದಿದೆ. ದಯವಿಟ್ಟು ಕ್ರಮ ಕೈಗೊಳ್ಳಿ."

ಆಪರೇಷನ್ ಆದಮೇಲೆ ಕಸ್ತೂರಿ ತನ್ನ ಹಳೆಯ ಮುದ್ರಿಕೆಗಳನ್ನು ಒಮ್ಮೆಯೂ ಕೇಳಿರಲಿಲ್ಲ. ದನಿಪುಸ್ತಕ ವಿಭಾಗದ ಮುಂದೆ ಹಾಯುವಾಗಲೂ ಸೆರಗು ಕಿವಿಗೆ ಒತ್ತಿಕೊಂಡು ಹೋಗುತ್ತಿದ್ದಳು. ಈಗ ಆ ದನಿ ಹಿತ್ತಾಳೆ ಗಂಟೆಯ ಹಾಗೆ ಕೋಣೆ ತುಂಬಿತು. ಅವಳಿಗೆ ಸಿಟ್ಟು ಬರಬೇಕಿತ್ತು. ಮೊದಲು ಬಂದದ್ದು ಬೇರೆಯೇ. ಅಯ್ಯ, ಎಷ್ಟು ಚಂದ ಇತ್ತಲ್ಲ ಅನ್ನಿಸಿತು.

"ಇನ್ನೊಂದು ಸಲ ಹಚ್ರಿ" ಎಂದಳು.

ಬಾಯರಿ ಹಚ್ಚಿದರು. ಕೇಳಿ ಮುಗಿದ ಮೇಲೆ ಕಸ್ತೂರಿ ತುಸು ಮುಂದೆ ಬಾಗಿ, "ಈಕಿ ಕೂಡ ನಾ ಮಾತಾಡಬಹುದೇನ್ರಿ?" ಎಂದು ಕೇಳಿದಳು.

ಇಂಥ ಪ್ರಕರಣಗಳಿಗೆಂದೇ ಧಾರವಾಡದಲ್ಲಿ ಒಂದು ದನಿ ಪ್ರಯೋಗಾಲಯವಿತ್ತು. ಒಂದೇ ಹೆಸರಿಗೆ ಇಬ್ಬರು ಹಕ್ಕುದಾರರು ಬಂದರೆ ಅಲ್ಲಿಯ ತೀರ್ಪೇ ಕೊನೆ. ನಡೆಸುತ್ತಿದ್ದವರು ಡಾ. ಮೆಹಜಬೀನ್ ನದಾಫ್. ನಲವತ್ತರ ಆಸುಪಾಸಿನ ಚುರುಕು ಹೆಂಗಸು. ಮಾತಾಡುವವರ ಬಾಯನ್ನೇ ನೋಡುತ್ತ ಕೂರುವ ಅಭ್ಯಾಸ. ಗೋಡೆಗೆಲ್ಲ ದಪ್ಪ ಹತ್ತಿಯ ಮೆತ್ತೆ ಬಡಿದಿದ್ದ ಕೋಣೆಯಲ್ಲಿ ಕಸ್ತೂರಿಯನ್ನು ಕೂರಿಸಿ, ಅವಳಿಂದ ಊರು, ಕೇರಿ, ಅಡುಗೆ ಏನೇನೋ ಮಾತಾಡಿಸಿದರು.

"ಏಕತಾರಿ ನೋಡೀರಲ್ಲ?" ಎಂದರು ಕೊನೆಗೆ. "ತಂತಿ ಒಂದು, ಕೆಳಗೆ ಬುರುಡಿ ಒಂದು. ನಿಮ್ಮ ತಂತಿ ಹಾಳಾಗೇತಿ. ಬುರುಡಿ ಅಂದ್ರ ಬಾಯಿ, ಮೂಗಿನ ಒಳಗಿನ ಪೊಳ್ಳು, ದವಡೆ. ಅದಕ್ಕೇನೂ ಆಗಿಲ್ಲ. ಆಪರೇಷನ್ನಿಗೆ ಮೊದಲು ಆಸ್ಪತ್ರ್ಯಾಗ ನಿಮ್ಮ ತಲೆ, ಕೊರಳು ಸ್ಕ್ಯಾನ್ ಮಾಡಿದ್ರು. ಆ ಅಳತಿಯ ಬುರುಡಿಯೊಳಗ ಸದ್ದು ಹೆಂಗ ಮೊಳಗಬೇಕು ಅಂತ ನಾವು ಲೆಕ್ಕ ಹಾಕಬಹುದು. ನಿಮ್ಮ ಈಗಿನ ದನಿ ಅದಕ್ಕ ಹೊಂದತೈತಿ."

"ಅಂದ್ರ ಮುಗೀತಲ್ರಿ?"

"ಇಲ್ಲ. ಆ ಕಡೆ ದನೀನೂ ಅದೇ ಬುರುಡಿಗೆ ಹೊಂದತೈತಿ. ನಿಮ್ಮ ಪುಸ್ತಕ ಕೇಳಿ ಕೇಳಿ ಕಲಿತಿದ್ದು ಅದು. ಅಷ್ಟು ಸ್ವಚ್ಛ ಮುದ್ರಿಕಿ ಸಿಕ್ಕರ ಕಳ್ಳರಿಗೆ ಹಬ್ಬ. ಅದು ಯಂತ್ರ ಅಂತ ನಾವು ತೋರಿಸಬೇಕು."

ನದಾಫ್ ಅವರ ಉಪಾಯ ಸರಳವಿತ್ತು. ಫೋನಿನಲ್ಲಿ ಒಮ್ಮೊಮ್ಮೆ ನಮ್ಮ ಮಾತೇ ನಮಗೆ ಚೂರು ತಡವಾಗಿ ವಾಪಸು ಕೇಳಿಸುತ್ತದೆ. ಆಗ ಎಂಥ ಮಾತುಗಾರನ ನಾಲಿಗೆಯೂ ತೊಡರುತ್ತದೆ. ಯಾಕೆಂದರೆ ನಾಲಿಗೆ ಏನು ಮಾಡಿತೆಂದು ಕಿವಿ ಕ್ಷಣಕ್ಷಣಕ್ಕೂ ಮಿದುಳಿಗೆ ವರದಿ ಒಪ್ಪಿಸುತ್ತಿರುತ್ತದೆ. ವರದಿ ತಡವಾದರೆ ಮಿದುಳಿಗೆ ದಿಕ್ಕು ತಪ್ಪುತ್ತದೆ. ಸೊಲ್ಲಿನ ಸಾಮಾನ್ಯ ತಂತಿಗಳಲ್ಲಿ ಪ್ರತಿಧ್ವನಿ ಬರದಂತೆ ಕಟ್ಟುನಿಟ್ಟಿನ ಏರ್ಪಾಡಿತ್ತು. ಹಾಗಾಗಿ ಕಳ್ಳರಿಗೂ ಅದರ ಯೋಚನೆ ಬಂದಿರಲಿಕ್ಕಿಲ್ಲ. ಇವತ್ತು ಬೇಕೆಂದೇ ಪ್ರತಿಧ್ವನಿ ಹಾಕುವುದು. ಅದಕ್ಕೂ ಮೊದಲು ಆ ಕಡೆಯವಳಿಗೆ ಅನುಮಾನ ಬಾರದಂತೆ ಒಂದಷ್ಟು ಮಾತಾಡಿಸಬೇಕು. ಕಸ್ತೂರಿ ಕೇಳಿಕೊಂಡಿದ್ದರಿಂದ ಆ ಕೆಲಸ ಅವಳಿಗೇ ಬಂತು. ಸಾಕ್ಷಿಯಾಗಿ ಬಾಯರಿಯೂ ಬಂದು ಕೂತರು.

"ನಮಸ್ಕಾರ. ಕಸ್ತೂರಿ ಬೆಳವಡಿ ಮಾತನಾಡುತ್ತಿದ್ದೇನೆ" ಎಂದಿತು ಆ ದನಿ.

"ಸೊಲ್ಲು ಕೇಂದ್ರದಿಂದ್ರಿ" ಎಂದಳು ಕಸ್ತೂರಿ. "ನಿಮ್ಮ ದೂರಿನ ವಿಷಯ ಒಂದೆರಡು ಮಾತು ಕೇಳೂದಿತ್ತು."

ತಾಯಿಯ ಹೆಸರು ಕೇಳಿದಳು, ಬಂತು. ಓದಿದ ಶಾಲೆ ಕೇಳಿದಳು, ಬಂತು. ದಾಖಲೆಗಳಲ್ಲಿ ಇದ್ದದ್ದೆಲ್ಲ ಅದರ ನಾಲಿಗೆಯ ತುದಿಯಲ್ಲೇ ಇತ್ತು. ಕಸ್ತೂರಿಯ ಹೆದರಿಕೆ ಮೆಲ್ಲಗೆ ಕಡಿಮೆಯಾಗಿ ಕುತೂಹಲ ಮೇಲೆದ್ದಿತು. ನದಾಫ್ ಕೊಟ್ಟ ಪ್ರಶ್ನೆಗಳನ್ನು ಬಿಟ್ಟು ತನ್ನದೇ ಕೇಳತೊಡಗಿದಳು.

"ಇವತ್ತು ನಾಷ್ಟಾ ಏನ್ ಮಾಡೀರಿ?"

"ಉಪ್ಪಿಟ್ಟು ಮಾಡಿದ್ದೆ."

"ಗಂಡ ಏನಂದ್ರು?"

"ಅವರು ಬಹಳ ಸಂತೋಷಪಟ್ಟರು."

ಕಸ್ತೂರಿಗೆ ನಗು ತಡೆಯಲಿಲ್ಲ. ಗುರುಪಾದನಿಗೆ ಉಪ್ಪಿಟ್ಟು ಕಂಡರಾಗದು. ಬಾಯರಿಯ ಕಡೆ ತಿರುಗಿ ಪಿಸುಗುಟ್ಟಿದಳು: "ಈಕಿ ಪುಸ್ತಕದಂಗ ಮಾತಾಡ್ತಾಳ. ಮನ್ಯಾಗ ನಾ ಯಾವತ್ತೂ 'ಸಂತೋಷಪಟ್ಟರು' ಅಂದಿಲ್ಲ."

"ಅಧಿಕಾರಿಗಳ ಹತ್ರ ಜನ ಹಾಗೇ ಮಾತಾಡೋದು ಅಮ್ಮ" ಎಂದರು ಬಾಯರಿ, ಅವಳಷ್ಟೇ ಮೆತ್ತಗೆ. "ಅದರ ಮೇಲೆ ತೀರ್ಪು ಕೊಡೋಕಾಗಲ್ಲ."

ನದಾಫ್ ಸನ್ನೆ ಮಾಡಿದರು. ಕಸ್ತೂರಿ, "ನಿಮ್ಮ ದೂರು ಒಮ್ಮೆ ಪೂರ್ತಿ ಹೇಳ್ರಿ, ಬರಕೊಳ್ತೀನಿ" ಎಂದಳು. ನದಾಫ್ ಚಕ್ರವೊಂದನ್ನು ತಿರುಗಿಸಿದರು. ಆ ದನಿಯ ಮಾತು ಅದಕ್ಕೇ ತಡವಾಗಿ ವಾಪಸು ಹೋಗತೊಡಗಿತು. ಕೋಣೆಯಲ್ಲಿ ಕೂತವರಿಗೆ ಎರಡೂ ಕೇಳುತ್ತಿದ್ದವು, ಒಂದರ ಬಾಲ ಇನ್ನೊಂದು ತುಳಿದ ಹಾಗೆ. ಕೇಳುವವರಿಗೇ ತಲೆ ತಿರುಗುವಂತಿತ್ತು. ಆ ದನಿ ಮಾತ್ರ ಎಡವಲಿಲ್ಲ. 'ಒಡಕು ದನಿಯ ಹೆಂಗಸೊಬ್ಬಳು' ಎಂಬಲ್ಲಿ ತಡೆಯಲಿಲ್ಲ, 'ಕ್ರಮ ಕೈಗೊಳ್ಳಿ' ಎಂಬಲ್ಲಿ ಎಳೆಯಲಿಲ್ಲ. ಪ್ರತಿಧ್ವನಿ ಬರುತ್ತಿದೆಯಲ್ಲ ಎಂದು ಕೇಳಲೂ ಇಲ್ಲ. ಎಣ್ಣೆ ಸುರಿದಂತೆ ಮಾತು ಮುಗಿಸಿ ಸುಮ್ಮನಾಯಿತು.

ಆಮೇಲೆ ಕಸ್ತೂರಿಯ ಸರದಿ. ಕಿವಿಗೆ ಯಂತ್ರ ಹಾಕಿಕೊಂಡು ಅದೇ ಮಾತು ಹೇಳಬೇಕು. "ನಮಸ್ಕಾರ, ನಾನು ಕಸ್... ಕಸ್ತೂ... ತೂರಿ..." ಜೀವಮಾನವಿಡೀ ಓದುವುದನ್ನೇ ಕಸುಬು ಮಾಡಿಕೊಂಡವಳ ಬಾಯಿ, ಅಕ್ಷರ ಕಲಿಯುವ ಮಗುವಿನ ಬಾಯಿಯಾಯಿತು. ನಾಚಿಕೆಯಿಂದ ಅವಳ ಕಣ್ಣು ತುಂಬಿತು. ಕಿವಿಯಿಂದ ಕಿತ್ತಿಟ್ಟಳು.

"ಕೆಟ್ಟಿತೇನ್ರಿ ಕೆಲಸ?"

"ಕೆಡೂದೇನ್ರಿ!" ನದಾಫ್ ಎದ್ದು ಬಂದು ಅವಳ ಭುಜ ಹಿಡಿದರು. "ನೀವು ತೊದಲಿದ್ದೇ ನಮಗ ಬೇಕಾಗಿತ್ತು. ನಿಮಗ ಕಿವಿ ಐತಿ, ಆಕಿಗಿಲ್ಲ."

ಬಾಯರಿ ತೀರ್ಪಿನ ಕೆಳಗೆ ತಮ್ಮ ದನಿ ಹಚ್ಚಿದರು. ದೂರು ಬಿದ್ದುಹೋಯಿತು, ಸುಳ್ಳು ವಿವರ ರದ್ದಾಯಿತು. ಖಾತೆಯ ಬೀಗ ತೆಗೆಯಲು ಹೊಸ ದನಿ ನೋಂದಣಿಯೊಂದೇ ಬಾಕಿ. ಫೋನಿನ ಜಾಡು ಹಿಡಿದು ಹೋದ ಪೊಲೀಸರಿಗೆ ಬೇರೆ ರಾಜ್ಯದ ಬಂದರು ಊರಿನಲ್ಲಿ ಒಂದು ಗೋದಾಮು ಸಿಕ್ಕಿತು. ಒಳಗೆ ಮೇಷ್ಟರು, ಕೀರ್ತನಕಾರರು, ವಾರ್ತೆ ಓದುವವರು, ಹೀಗೆ ದನಿ ಮಾರಿ ಬದುಕಿದ ನೂರಾರು ಜನರ ದನಿಗಳು ತಮ್ಮಷ್ಟಕ್ಕೆ ತಾವೇ ಎಲ್ಲೆಲ್ಲಿಗೋ ಫೋನು ಮಾಡುತ್ತ ರೀಫಂಡ್ ಕೇಳುತ್ತಿದ್ದವಂತೆ. ನಡೆಸುತ್ತಿದ್ದವರಲ್ಲಿ ಕೆಲವರು ಸಿಕ್ಕರು, ಕೆಲವರು ಇಲ್ಲ.

ಅದೇ ಕಾರಣಕ್ಕೆ ಬಾಯರಿ ಇನ್ನೊಂದು ಮಾತು ತೆಗೆದರು. "ನಕಲಿನ ನಕಲು ಎಲ್ಲೆಲ್ಲಿವೆಯೋ ಗೊತ್ತಿಲ್ಲ. ಹಳೆಯ ದನಿಯನ್ನು ಮುಚ್ಚಬೇಕಾಗ್ತದೆ. ಆಮೇಲೆ ದೇಶದ ಯಾವ ಯಂತ್ರದಿಂದಲೂ ಆ ದನಿ ಹೊರಡೋದಿಲ್ಲ."

"ಪುಸ್ತಕ?" ಎಂದಳು ಕಸ್ತೂರಿ.

ಬಾಯರಿ ನದಾಫ್ ಕಡೆ ತಿರುಗಿದರು. ಉತ್ತರ ಅವರು ಕೊಟ್ಟರು. "ಅವೂ ನಿಲ್ತಾವ್ರಿ. ಯಂತ್ರಕ್ಕ ಕತಿ ಯಾವುದು, ಕಳುವು ಯಾವುದು ತಿಳಿಯೂದಿಲ್ಲ. ದನಿ ಕಂಡ್ರ ಬಾಯಿ ಮುಚ್ಚತೈತಿ."

ಕಸ್ತೂರಿ ತಲೆ ಕೆಳಗೆ ಹಾಕಿದಳು. ಅವಳನ್ನೇ ನೋಡುತ್ತಿದ್ದ ನದಾಫ್ ಒಳಗೆ ಹೋಗಿ ಸಣ್ಣ ಪೆಟ್ಟಿಗೆ ತಂದರು. ಅದರಲ್ಲಿ ಕೊರಳಿಗೆ ಕಟ್ಟುವ ತೆಳ್ಳನೆಯ ಪಟ್ಟಿಯಿತ್ತು. ಅದು ತುಟಿ, ನಾಲಿಗೆಯ ಅಲುಗಾಟವನ್ನು ಗ್ರಹಿಸಿ, ಗೋದಾಮಿನಲ್ಲಿ ಸಿಕ್ಕ ಆ ದನಿಯಲ್ಲೇ ಮಾತಾಡಿಸುತ್ತಿತ್ತು. "ಇದು ಇನ್ನೊಂದು ದಾರಿ. ಇದನ್ನ ಕಟ್ಟಿಕೊಂಡ್ರ ಹಳೇ ದನೀನ ನಿಮ್ಮ ದನಿ ಅಂತ ಉಳೀತದ. ಪುಸ್ತಕಾನೂ ಉಳೀತಾವ. ಆದ್ರ ನಕಲಿನವರ ಕಾಟ ತಪ್ಪೂದಿಲ್ಲ. ವರ್ಷಾ ವರ್ಷಾ ಇಲ್ಲಿಗೆ ಬಂದು ನೀವು ಜೀವಂತ ಇದ್ದೀರಿ ಅಂತ ತೋರಿಸಬೇಕು. ಒಂದಷ್ಟು ದಿವಸ ಮನ್ಯಾಗ ಹಾಕ್ಕೊಂಡು ನೋಡ್ರಿ."

ಅಲ್ಲೇ ಕಟ್ಟಿಕೊಂಡಳು. "ನನ್ನ ಹೆಸರು ಕಸ್ತೂರಿ" ಎಂದಳು. ಹಿತ್ತಾಳೆ ಗಂಟೆ ಮೊಳಗಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ಮಾತ್ರ ಪಟ್ಟಿಯಿಂದ ಬರಲಿಲ್ಲ. ಅವಳ ಗಂಟಲಿನಿಂದಲೇ ಗರಗರ ಎಂದಿತು.

ಮನೆಯಲ್ಲಿ ಮೊದಲ ದಿನ ಗುರುಪಾದ ಸುಮ್ಮನೆ ಅವಳ ಎದುರು ಕೂತು, "ಏನಾರ ಮಾತಾಡು" ಎಂದ. ಅವಳು ಮಾತಾಡಿದಳು, ಅವನು ಕಣ್ಣು ಮುಚ್ಚಿ ಕೇಳಿದ. ನೆರೆಯವರು ಬಂದು ಹೋದರು. ಫೋನು ಹಚ್ಚಿದ ಅಕ್ಕತಂಗಿಯರು ಅತ್ತರು. ಕಸ್ತೂರಿ ಇದೇ ಸರಿ ಎಂದು ಬಹುತೇಕ ತೀರ್ಮಾನಿಸಿಯೂ ಬಿಟ್ಟಿದ್ದಳು.

ಅಷ್ಟರಲ್ಲಿ ಒಂದು ಸಂಜೆ ಗುರುಪಾದ ಅಂಗಡಿಯ ಕೊಳೆಗೈಯಲ್ಲೇ ಬಂದು, ಅವಳು ರಟ್ಟು ಕಟ್ಟಲೆಂದು ಮನೆಗೆ ತಂದಿದ್ದ ಪುಸ್ತಕದ ರಾಶಿಯ ಮೇಲೆ ಬ್ಯಾಟರಿಯೊಂದನ್ನು ಇಟ್ಟ. ಹಾಳೆಗೆ ಕಪ್ಪು ಹತ್ತಿತು. ಕಸ್ತೂರಿಗೆ ಸಿಟ್ಟು ನೆತ್ತಿಗೇರಿತು. ನಿಮಗೇನು ಕಣ್ಣಿಲ್ಲೇನು, ಅಂಗಡಿ ಯಾವುದು ಮನಿ ಯಾವುದು ತಿಳಿಯೂದಿಲ್ಲೇನು ಎಂದು ಝಾಡಿಸಿದಳು. ಹೊರಬಂದದ್ದು ಮಾತ್ರ ಮಕ್ಕಳಿಗೆ ಬೆಳದಿಂಗಳ ಪಾಠ ಓದುವ ದನಿ. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ. ಪುಸ್ತಕ ಓದುವಾಗ ಅವಳು ಯಾವತ್ತೂ ಗಂಡನನ್ನು ಬೈದಿರಲಿಲ್ಲವಲ್ಲ, ಆ ದನಿಗೆ ಬೈಯಲು ಗೊತ್ತಿರಲಿಲ್ಲ.

ಗುರುಪಾದ ತಡೆಯಲಾರದೆ ನಕ್ಕುಬಿಟ್ಟ. ಅವಳಿಗೆ ಇನ್ನೂ ಸಿಟ್ಟು ಬಂತು, ಸಿಟ್ಟು ಏರಿದಷ್ಟೂ ಆ ದನಿ ಇಂಪಾಯಿತು. ಕೊನೆಗೆ ಕೊರಳಿನ ಪಟ್ಟಿ ಕಿತ್ತು ಮೇಜಿನ ಮೇಲೆ ಒಗೆದು, "ಮೊದಲು ಆ ಬ್ಯಾಟರಿ ಎತ್ತತೀರೋ ಇಲ್ಲೋ!" ಎಂದು ತರಗೆಲೆಯ ದನಿಯಲ್ಲಿ ಕಿರುಚಿದಳು.

ಗುರುಪಾದ ತಟ್ಟನೆ ಎತ್ತಿದ. ಎತ್ತಿ, ಅದನ್ನು ಎದೆಗವಚಿಕೊಂಡು ನಿಂತೇ ಹೇಳಿದ: "ಒಂದು ಮಾತು ಹೇಳಲೇನು? ಇಷ್ಟು ದಿವಸ ಮನ್ಯಾಗ ಯಾರೋ ಬೀಗರು ಬಂದು ಉಳಿದಂಗ ಆಗಿತ್ತು."

ಕಸ್ತೂರಿ ಹಾಳೆಯ ಕಪ್ಪನ್ನು ಅರಿವೆಯಿಂದ ಒರೆಸುತ್ತ ಕೂತಳು. ಮರುದಿನ ಸೊಲ್ಲು ಕೇಂದ್ರಕ್ಕೆ ಹೋಗಿ ತನ್ನ ಒಡಕು ದನಿಯನ್ನು ನೋಂದಾಯಿಸಿದಳು. 'ಇದು ನನ್ನ ಮಾತು' ಎನ್ನುವಾಗ ಮಧ್ಯದಲ್ಲಿ ದನಿ ಸೀಳಿತು. ಮತ್ತೊಮ್ಮೆ ಹೇಳಲೇ ಎಂದು ಕೇಳಿದ್ದಕ್ಕೆ ಬಾಯರಿ ಬೇಡವೆಂದರು.

ಹಳೆಯ ದನಿಯನ್ನು ಮುಚ್ಚುವ ದಿನ ಗ್ರಂಥಾಲಯಕ್ಕೆ ಎಂದೂ ಇಲ್ಲದಷ್ಟು ಜನ ಬಂದರು. ಬಂದವರಲ್ಲಿ ಹೆಚ್ಚಿನವರು ಕಣ್ಣು ಕಾಣದವರು, ಅರ್ಧ ಕೇಳಿ ಬಿಟ್ಟ ಪುಸ್ತಕ ಮುಗಿಸಲು ಬಂದವರು. ಇನ್ನು ಮುಂದೆ ಈ ಪುಸ್ತಕಗಳನ್ನೆಲ್ಲ ಯಂತ್ರವೇ ಓದುತ್ತದೆ ಎಂದು ಸೂಚನೆ ಹೊರಟಿತ್ತು. ಸುವರ್ಣಾ ಕುಂದಗೋಳ ಎಂಬವಳು ಬ್ಯಾಂಕಿಗೆ ರಜೆ ಹಾಕಿ ಬಂದಿದ್ದಳು. ಹುಟ್ಟು ಕುರುಡಿ, ಕಸ್ತೂರಿಯ ದನಿಯಲ್ಲೇ ಪಾಠ ಕೇಳಿ ಪರೀಕ್ಷೆ ಕಟ್ಟಿ ನೌಕರಿ ಹಿಡಿದವಳು.

ಕಸ್ತೂರಿ ಅವಳ ಪಕ್ಕದಲ್ಲಿ ನಿಂತು ತನ್ನ ಒಡಕು ದನಿಯಲ್ಲೇ ಮಾತಾಡಿಸಿದಳು. ಸುವರ್ಣಾ ಮುಖ ಸಿಂಡರಿಸಲೂ ಇಲ್ಲ, ಸಮಾಧಾನದ ಮಾತೂ ಆಡಲಿಲ್ಲ. "ಹಳೇದು ಭಾಳ ಚಲೋ ಇತ್ರಿ ಅಕ್ಕಾರ. ಇದಕ್ಕ ಕಿವಿ ಹೊಂದಬೇಕಂದ್ರ ಟೈಮ್ ಹಿಡೀತದ. ಸುಳ್ಳು ಯಾಕ ಹೇಳಲಿ?" ಎಂದು ಕಿವಿಗೆ ಯಂತ್ರ ಹಾಕಿಕೊಂಡು ಕಾದಂಬರಿಯೊಳಗೆ ಇಳಿದುಬಿಟ್ಟಳು. ಪ್ರವಾಹದ ರಾತ್ರಿ ಹರಿಗೋಲಿನಲ್ಲಿ ಹೊಳೆ ದಾಟಲು ಹೊರಟ ಹೆಂಗಸೊಬ್ಬಳ ಕತೆ ಅದು.

ಊಟದ ಹೊತ್ತಿಗೆ ಸರಿಯಾಗಿ ಕೋಣೆಯೊಳಗಿನ ಎಲ್ಲರೂ ಒಟ್ಟಿಗೇ ತಲೆಯೆತ್ತಿದರು. ಸುವರ್ಣಾ ಕಿವಿಯಿಂದ ಯಂತ್ರ ತೆಗೆದು ಅಲುಗಿಸಿ ನೋಡಿದಳು, ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು.

"ಅಕ್ಕಾರ, ಅದೀರೇನು? 'ಹರಿಗೋಲು ಗರ್ರನೆ ತಿರುಗಿತು, ಆಕೆ ಕೈ ಚಾಚಿ' ಅಂತ ನಿಂತುಬಿಡ್ತು. ಕೈ ಚಾಚಿ ಏನ್ ಮಾಡಿದ್ಲು?"

ಕಸ್ತೂರಿಗೆ ಗೊತ್ತಿತ್ತು. ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಅವಳು ಕಪಾಟಿಗೆ ಹೋಗಿ ಪುಸ್ತಕ ಹುಡುಕಿ ತಂದಳು. ಹಾಳೆ ತಿರುವಿ, ಸುವರ್ಣಾಳ ಎದುರು ಕುರ್ಚಿ ಎಳೆದುಕೊಂಡು ಕೂತಳು. ಗಂಟಲು ಸರಿಮಾಡಿಕೊಂಡಳು, ಸರಿಯಾಗಲಿಲ್ಲ. ಹಾಗೆಯೇ ಶುರುಮಾಡಿದಳು.

"ಆಕೆ ಕೈ ಚಾಚಿ ಬಿದಿರ ಬೊಡ್ಡೆಯನ್ನು..." ಇಲ್ಲಿ ದನಿ ಒಡೆಯಿತು. ಉಗುಳು ನುಂಗಿ ಮುಂದುವರಿದಳು. "...ಬೊಡ್ಡೆಯನ್ನು ಹಿಡಿದಳು. ಹೊಳೆ ಆಕೆಯ ಸೀರೆಯ ಸೆರಗನ್ನು ಹಿಡಿಯಿತು."

ದನಿ ಸಣ್ಣದು, ಆಚೆ ಮೂಲೆಗೆ ಮುಟ್ಟುತ್ತಿರಲಿಲ್ಲ. ಹಿಂದೆ ಕೂತಿದ್ದವರೊಬ್ಬರು ಕುರ್ಚಿ ಎತ್ತಿಕೊಂಡು, ದಾರಿ ತಡವುತ್ತ ಹತ್ತಿರ ಬಂದರು. ಇನ್ನೊಬ್ಬರೂ ಬಂದರು. ಅರ್ಧ ಪುಟ ಆಗುವಷ್ಟರಲ್ಲಿ ಕಸ್ತೂರಿಗೆ ಉಸಿರು ಸಾಲದಾಯಿತು. ಪುಸ್ತಕ ತೊಡೆಯ ಮೇಲಿಟ್ಟು, "ಒಂದೀಟು ನೀರು ಕುಡೀತೀನವ್ವಾ, ತಡಿ" ಎಂದಳು.

ಸುವರ್ಣಾ ಅವಳ ಮೊಣಕಾಲು ಹುಡುಕಿ ಹಿಡಿದುಕೊಂಡು ಜಗ್ಗಿದಳು.

"ಲಗೂನ ಕುಡೀರಿ ಅಕ್ಕಾರ. ಆಕಿ ಇನ್ನೂ ನೀರಾಗ ಅದಾಳ."